ಸಂಚಕಾರ ಕೊಡುವ ಮುನ್ನ ಮನೆ ತೋರಿಸಿದ್ದು: ವಿಜಯಪುರದಲ್ಲಿ ಪಡೆದ ಒಂದು ತಪಾಸಣೆ ಸೇವೆ

ಕಟ್ಟಿದ ಮನೆಯನ್ನು ಕೊಳ್ಳಹೊರಟವರ ಪರವಾಗಿ ಬಂದು, ಪಾಯದಿಂದ ಮಾಳಿಗೆಯವರೆಗೆ ನೋಡಿ, ಕಂಡದ್ದನ್ನು ಬರೆದುಕೊಡುವ ಸಿವಿಲ್ ಎಂಜಿನಿಯರರೊಬ್ಬರ ಸೇವೆಯನ್ನು ನಾವು ವಿಜಯಪುರದಲ್ಲಿ ಕಳೆದ ಏಪ್ರಿಲ್ ತಿಂಗಳಲ್ಲಿ ಪಡೆದೆವು. ಅದಕ್ಕೆ ಕೊಟ್ಟ ಹಣ 5,000 ರೂಪಾಯಿ. ಸೊಲ್ಲಾಪುರ ರಸ್ತೆಯ ಕಡೆಗಿರುವ ಬಡಾವಣೆಯೊಂದರಲ್ಲಿ ಒಂಬತ್ತು ವರ್ಷದ ಹಿಂದೆ ಕಟ್ಟಿದ ಆ ಮನೆಯನ್ನು ನಾನೂ ನಮ್ಮ ಯಜಮಾನರೂ ಎರಡು ಸಲ ನೋಡಿ ಮೆಚ್ಚಿಕೊಂಡಿದ್ದೆವು. ಅಕ್ಷಯ ತೃತೀಯದ ದಿನ ಸಂಚಕಾರ, ಅಂದರೆ ಮುಂಗಡ ಹಣ, ಕೊಡುವುದೆಂದು ಮಾತೂ ಆಗಿತ್ತು. ಆದರೆ ಇನ್ನೊಂದು ಗಿರಾಕಿ ಕಾದು ಕುಳಿತಿದೆ, ತಡಮಾಡಬೇಡಿ ಎಂದು ದಲಾಲರು ದಿನಕ್ಕೆರಡು ಸಲ ಫೋನ್ ಮಾಡತೊಡಗಿದಾಗ ಮನಸ್ಸಿಗೆ ಅಳುಕಾಯಿತು. ಜೀವಮಾನದ ಉಳಿತಾಯ ಹಾಕುವಾಗ ಯಾರಾದರೂ ಅವಸರಪಡಿಸಿದರೆ ಅದನ್ನೇ ಮೊದಲ ಎಚ್ಚರಿಕೆಯೆಂದು ತಿಳಿಯಬೇಕೆಂಬುದು ಈಗ ನನ್ನ ದೃಢವಾದ ಅಭಿಪ್ರಾಯ.

ಎಂಜಿನಿಯರರು ಬಂದವರೇ ಒಳಗೆ ಹೋಗದೆ ಮನೆಯನ್ನು ಹೊರಗಿನಿಂದ ಸುತ್ತತೊಡಗಿದರು. ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಗೋಡೆಯ ಬುಡಕ್ಕೂ ನೆಲಕ್ಕೂ ನಡುವೆ ಬಾಯಿ ಬಿಟ್ಟಿದ್ದ ಸಂದಿಯೊಳಗೆ ಬೇವಿನ ಕಡ್ಡಿಯೊಂದನ್ನು ಇಳಿಸಿದರು. ಗೇಣುದ್ದದ ಕಡ್ಡಿ ತಡೆಯಿಲ್ಲದೆ ಒಳಗೆ ಹೋಯಿತು. "ಅಕ್ಕಾರ, ಇದು ಎರಿ ಮಣ್ಣು. ಮೊದಲ ಇದನ್ನ ನೋಡಬೇಕ್ರಿ, ಆಮ್ಯಾಲ ಗ್ವಾಡಿ," ಎಂದರು. ಎರೆಯಲ್ಲಿರುವ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯ ಹೊಲದಲ್ಲಿ ಕೈ ಇಳಿಯುವಷ್ಟು ಬಿರಿಯುವ ಅದೇ ಮಣ್ಣು ಮನೆಯ ಕೆಳಗೂ ಪ್ರತಿವರ್ಷ ಏರಿಳಿಯುತ್ತಿರುತ್ತದೆ. ಪಾಯವು ಆ ಪದರವನ್ನು ದಾಟಿ ಗಟ್ಟಿ ಗರಸನ್ನೋ ಬಂಡೆಯನ್ನೋ ಮುಟ್ಟಿದ್ದರೆ, ಇಲ್ಲವೇ ನೆಲದಾಳಕ್ಕೆ ಇಳಿದು ತಳದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬಗಳ, ಅಂದರೆ ಅಂಡರ್‌ರೀಮ್ಡ್ ಪೈಲ್‌ಗಳ ಮೇಲೆ ಮನೆ ನಿಂತಿದ್ದರೆ ಅಷ್ಟು ಚಿಂತೆಯಿಲ್ಲ. ಖರ್ಚು ಉಳಿಸಲು ಎರೆಯಲ್ಲೇ ಮೂರಡಿ ಅಗೆದು ಕಲ್ಲು ತುಂಬಿದ್ದರೆ ಒಂದು ಮೂಲೆ ಕೂರುತ್ತದೆ, ಇನ್ನೊಂದು ಮೂಲೆ ನಿಲ್ಲುತ್ತದೆ, ನಡುವಿನ ಗೋಡೆ ಸೀಳುತ್ತದೆ. 1656ರಲ್ಲಿ ಮುಗಿದ ನಮ್ಮ ಗೋಳಗುಮ್ಮಟದ ಪಾಯ ಬಂಡೆಯ ಮೇಲಿದೆ ಎಂಬುದನ್ನು ಶಾಲೆಯಲ್ಲಿ ಎಷ್ಟೋ ಸಲ ಕೇಳಿದ್ದರೂ ಅದರ ಅರ್ಥ ನನಗೆ ಹೊಳೆದದ್ದು ಆ ಹಿತ್ತಲಲ್ಲೇ. ಇಷ್ಟು ಸಾಲದೆಂಬಂತೆ ಬಚ್ಚಲ ನೀರಿನ ಪೈಪು ಅದೇ ಮೂಲೆಯಲ್ಲಿ ಒಡೆದು ಸದಾ ತೊಟ್ಟಿಕ್ಕುತ್ತಿತ್ತು. ಒಂದು ಮೂಲೆಯ ಮಣ್ಣು ವರ್ಷವಿಡೀ ಹಸಿ, ಉಳಿದದ್ದೆಲ್ಲ ಒಣ.

ಒಳಗೆ ನಡುಮನೆಯ ಪಡುವಣ ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರು. ನಾವು ಅದನ್ನು ಎರಡು ಸಲವೂ ಕಂಡು, ಟಿವಿ ಇಡುವ ಗೋಡೆಯನ್ನು ಚಂದ ಮಾಡಿದ್ದಾರೆಂದು ಹೊಗಳಿದ್ದೆವು. ಅವರು ಕಿಟಕಿ ಮುಚ್ಚಿಸಿ, ಟಾರ್ಚನ್ನು ಗೋಡೆಗೆ ಎದುರಾಗಿ ಹಿಡಿಯದೆ ಪಕ್ಕಕ್ಕೆ ಒತ್ತಿ ಹಿಡಿದು ಬೆಳಕನ್ನು ಗೋಡೆಯ ಮೇಲೆ ಹರಿಸಿದರು. ಕಿಟಕಿಯ ಕೆಳಮೂಲೆಯಿಂದ ಹೊರಟು ಇಟ್ಟಿಗೆಯ ಸಂದುಗಳ ಗುಂಟ ಮೆಟ್ಟಿಲಿನಂತೆ ಇಳಿದ ಉಬ್ಬಿದ ಗೆರೆಯೊಂದು ಆಗ ಎದ್ದು ಕಂಡಿತು. ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು. ಗೋಡೆಯ ಹೊರಮೈಯಲ್ಲೂ ಅದೇ ಜಾಗದಲ್ಲಿ ಸಿಮೆಂಟಿನ ತೇಪೆಯಿತ್ತು. ಬಿರುಕು ಬರಿಯ ಗಿಲಾವಿನದಾಗಿರದೆ ಗೋಡೆಯ ಆಳಕ್ಕೂ ಇದೆಯೆಂದು ಅವರು ಇದರಿಂದಲೇ ನಿರ್ಧರಿಸಿದರು. ಪಕ್ಕದ ಕೋಣೆಯ ಬಾಗಿಲಿನ ಮೇಲಂಚನ್ನು ಬೆರಳಿನಿಂದ ಸವರಿ ನೋಡಲು ನನಗೂ ಹೇಳಿದರು: ಅಲ್ಲಿ ಪಾಲಿಶ್ ಇರಲಿಲ್ಲ, ಕೀಸುಳಿ ಹಾಕಿದ ಹಸಿ ಕಟ್ಟಿಗೆ ಕೈಗೆ ತಾಗಿತು. ಚೌಕಟ್ಟು ವಾಲಿ ಬಾಗಿಲು ಹಿಡಿಯತೊಡಗಿದಾಗ ಯಾರೋ ಅದನ್ನು ಕೆತ್ತಿ ಕೂರಿಸಿದ್ದರು.

ಬಚ್ಚಲಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು, ಅದರ ಮೇಲಿನ ಸ್ಲ್ಯಾಬಿನಲ್ಲಿ ತುಕ್ಕಿನ ಕಲೆ, ಅಡುಗೆಮನೆಯಲ್ಲಿ ತಟ್ಟಿದರೆ ಟೊಳ್ಳು ಸದ್ದು ಮಾಡುವ ನಾಲ್ಕು ಟೈಲ್ಸ್, ಇವುಗಳನ್ನು ಬೇಗನೆ ಬರೆದುಕೊಂಡು ಮುಂದೆ ನಡೆದರು.

ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅವರು ಹೆದರಿಸದೆ ಇದ್ದದ್ದು. ಮಲಗುವ ಕೋಣೆಯಲ್ಲಿ ಕಾಲಮ್ಮಿಗೂ ಇಟ್ಟಿಗೆ ಗೋಡೆಗೂ ನಡುವೆ ನೆಟ್ಟಗೆ ಇಳಿದಿದ್ದ ಕೂದಲೆಳೆಯ ಬಿರುಕನ್ನು ನಾನು ಆತಂಕದಿಂದ ತೋರಿಸಿದಾಗ, ಕಾಂಕ್ರೀಟು ಮತ್ತು ಇಟ್ಟಿಗೆ ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಅವು ಕೂಡುವ ಕಡೆ ಜಾಳಿಗೆ ಹಾಕದೆ ಗಿಲಾವು ಮಾಡಿದರೆ ಹೀಗಾಗುತ್ತದೆ, ಒಬ್ಬ ಗೌಂಡಿ ಒಂದು ದಿನದಲ್ಲಿ ಸರಿಪಡಿಸುವ ಕೆಲಸವಿದು ಎಂದು ಸಮಾಧಾನ ಹೇಳಿದರು. ಯಾವ ಬಿರುಕಿಗೆ ಅಂಜಬೇಕು, ಯಾವುದಕ್ಕೆ ಅಂಜಬೇಕಿಲ್ಲ ಎಂದು ಬೇರ್ಪಡಿಸಿ ಹೇಳುವ ಈ ತಿಳಿವಳಿಕೆಗೇ ನಾವು ಹಣ ಕೊಟ್ಟದ್ದು.

ಕೊರತೆಗಳೂ ಇವೆ. ಹೇಳಿದ ಸಮಯಕ್ಕಿಂತ ಎರಡು ತಾಸು ತಡವಾಗಿ ಬಂದರು. ವರದಿ ಎರಡೇ ಪುಟದ್ದು. ಜೊತೆಗಿದ್ದ ಫೋಟೋಗಳು ಯಾವ ಕೋಣೆಯವೆಂದು ಬರೆದಿರಲಿಲ್ಲವಾದ್ದರಿಂದ ನಾವೇ ಕುಳಿತು ಹೊಂದಿಸಬೇಕಾಯಿತು. ವೈರಿಂಗ್ ತಮ್ಮ ಕೆಲಸವಲ್ಲವೆಂದು ಬಿಟ್ಟರು. ಅದನ್ನು ಮೊದಲೇ ತಿಳಿಸಿದ್ದರೆ ಅದೇ ದಿನ ಎಲೆಕ್ಟ್ರಿಷಿಯನ್‌ರನ್ನೂ ಕರೆಸುತ್ತಿದ್ದೆವು. ಕಾಗದಪತ್ರಗಳನ್ನು ಅವರು ನೋಡುವುದಿಲ್ಲ. ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ಸಿಟಿ ಸರ್ವೆ ಉತಾರ (ದಾಖಲೆಯ ಪ್ರತಿ), ಋಣಭಾರ ಪತ್ರಗಳನ್ನು ವಕೀಲರಿಗೇ ತೋರಿಸಬೇಕು. ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಬರುತ್ತವೆ, ನೋಂದಣಿಯಿಲ್ಲದ ಕರಾರುಗಳು ಬರುವುದಿಲ್ಲ ಎಂಬುದನ್ನು ನಮಗೆ ಬಿಡಿಸಿ ಹೇಳಿದವರು ವಕೀಲರು. ಪಿತ್ರಾರ್ಜಿತ ಆಸ್ತಿಯಾಗಿದ್ದು ಮನೆಯ ಹೆಣ್ಣುಮಕ್ಕಳ ಸಹಿಯಿಲ್ಲದೆ ಮಾರಲು ಬಂದರೆ ಅಲ್ಲಿಯೇ ನಿಲ್ಲಬೇಕೆಂದೂ ಅವರು ಎಚ್ಚರಿಸಿದರು.

ವರದಿಯನ್ನು ತೋರಿಸಿದ ಮೇಲೆ ಮಾರುವವರು ಒಂದೂವರೆ ಲಕ್ಷ ಇಳಿಸಲು ಒಪ್ಪಿದರು. ಪಾಯವನ್ನು ಬಲಪಡಿಸುವ ಖರ್ಚು ಅದರೊಳಗೆ ಮುಗಿಯುವುದಿಲ್ಲವೆಂದು ಎಂಜಿನಿಯರರು ಸ್ಪಷ್ಟವಾಗಿ ಹೇಳಿದ್ದರಿಂದ ನಾವು ಆ ಮನೆಯನ್ನು ಕೈಬಿಟ್ಟೆವು. ಮೆಚ್ಚಿದ ಮನೆಯನ್ನು ಬಿಡುವಾಗ ಸಂಕಟವಾದದ್ದು ನಿಜ. ಈಗ ಇನ್ನೊಂದು ಮನೆ ಗೊತ್ತಾಗಿದೆ. ಅದನ್ನೂ ಅವರಿಗೇ ತೋರಿಸುತ್ತೇವೆ. ಮಣ್ಣಿನ ಬಿರುಕು ಬೇಸಿಗೆಯಲ್ಲಿ ಕಾಣುತ್ತದೆ, ಸೋರುವುದು ಮಳೆಗಾಲದಲ್ಲಿ ಕಾಣುತ್ತದೆ, ನಮ್ಮ ಭಾಗದಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ, ಆದ್ದರಿಂದ ಒಂದೆರಡು ದೊಡ್ಡ ಮಳೆ ಆದ ಮರುದಿನವೇ ಕರೆಯಿರಿ, ಅಲ್ಲಿಯವರೆಗೆ ಸಂಚಕಾರ ಕೊಡಬೇಡಿ ಎಂದು ತಿಳಿಸಿದ್ದಾರೆ.