ಕೌನ್ಸಿಲ್ ಟ್ಯಾಕ್ಸಿ ಕೆಲಸ: ನೇರ ಬಿಡ್ಡಾ, ದೊಡ್ಡ ಕಂಪನಿಯ ಕೈಕೆಳಗಾ, ಬರೀ ಏರ್‌ಪೋರ್ಟ್ ಬಾಡಿಗೆಯಾ?

ಜೂನ್ ಬಂತೆಂದರೆ ಇಂಗ್ಲೆಂಡಿನಲ್ಲಿ ನಮ್ಮಂಥ ಸಣ್ಣ ಟ್ಯಾಕ್ಸಿಯವರಿಗೆ ಒಂದೇ ಚಿಂತೆ. ಸೆಪ್ಟೆಂಬರ್‌ಗೆ ಸ್ಕೂಲ್ ರೂಟ್, ಅಂದರೆ ಕೌನ್ಸಿಲ್‌ಗಾಗಿ (ಇಲ್ಲಿನ ಸ್ಥಳೀಯ ಆಡಳಿತ) ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಕೆಲಸ, ಕೈಯಲ್ಲಿ ಉಳಿಯುತ್ತಾ, ಇಲ್ವಾ? ಮಿಡ್‌ಲ್ಯಾಂಡ್ಸ್‌ನ ಒಂದು ಕೌಂಟಿಯಲ್ಲಿ ನಮ್ಮದು ನಾಲ್ಕು ಕಾರಿನ ಪ್ರೈವೇಟ್ ಹೈರ್, ಮೊದಲೇ ಬುಕ್ ಮಾಡಿದವರಿಗೆ ಓಡಿಸುವ ಟ್ಯಾಕ್ಸಿ. ಕೌನ್ಸಿಲ್‌ಗೆ ನೇರವಾಗಿ ಬಿಡ್ ಹಾಕಿ ಓಡಿಸಿದ್ದೇವೆ. ದೊಡ್ಡ ಗುತ್ತಿಗೆದಾರರ ಕೈಕೆಳಗೆ ಸಬ್‌ಕಾಂಟ್ರಾಕ್ಟ್ ಮಾಡಿದ್ದೇವೆ. ಎರಡನ್ನೂ ಬಿಟ್ಟು ಏರ್‌ಪೋರ್ಟ್ ಬಾಡಿಗೆಯನ್ನೇ ನಂಬಿಯೂ ನೋಡಿದ್ದೇವೆ. ಇಲ್ಲಿಗೆ ಬಂದು ಹೊಸದಾಗಿ ಲೈಸೆನ್ಸ್ ಮಾಡಿಸುತ್ತಿರುವ ಕನ್ನಡದ ಹುಡುಗರು ಯಾವುದು ಒಳ್ಳೇದು ಅಂತ ಕೇಳುತ್ತಿರುತ್ತಾರೆ. ಅವರಿಗೋಸ್ಕರ ಇದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದೊಂದು ರೂಟಿಗೂ ಬೇರೆ ಬೇರೆ ಬಿಡ್ ಕರೆಯುವ ಕೌನ್ಸಿಲ್ ಆದರೆ, ನೇರ ಬಿಡ್ಡೇ ಸರಿ. ಸಬ್‌ಕಾಂಟ್ರಾಕ್ಟ್ ಕೊನೆಯ ದಾರಿ. ಆದರೆ ಕೌನ್ಸಿಲ್ ಇಪ್ಪತ್ತು ರೂಟನ್ನು ಒಂದೇ ಗಂಟು ಕಟ್ಟಿ ಟೆಂಡರ್‌ಗೆ ಇಟ್ಟರೆ, ಆಯ್ಕೆ ನಮ್ಮ ಕೈಯಲ್ಲಿ ಇರುವುದೇ ಇಲ್ಲ.

ಕೌನ್ಸಿಲ್‌ಗೆ ಟ್ಯಾಕ್ಸಿ ಯಾಕೆ ಬೇಕು ಅಂತ ಊರಲ್ಲಿರುವವರು ಕೇಳಬಹುದು. ಇಲ್ಲಿನ 1996ರ ಶಿಕ್ಷಣ ಕಾಯ್ದೆಯ ಪ್ರಕಾರ, 8 ವರ್ಷದೊಳಗಿನ ಮಗುವಿಗೆ ಹತ್ತಿರದ ಸರಿಹೊಂದುವ ಶಾಲೆ 2 ಮೈಲಿಗಿಂತ ದೂರ ಇದ್ದರೆ, 8ರಿಂದ 16ರವರಿಗೆ 3 ಮೈಲಿಗಿಂತ ದೂರ ಇದ್ದರೆ, ಮಗುವನ್ನು ದುಡ್ಡಿಲ್ಲದೆ ಶಾಲೆಗೆ ಮುಟ್ಟಿಸುವುದು ಕೌನ್ಸಿಲ್‌ನ ಹೊಣೆ. ಅಂಗವೈಕಲ್ಯ ಅಥವಾ ವಿಶೇಷ ಅಗತ್ಯದಿಂದ ನಡೆದು ಹೋಗಲಾಗದ ಮಕ್ಕಳಿಗೆ ದೂರದ ಲೆಕ್ಕವೂ ಇಲ್ಲ. ವಿಶೇಷ ಶಾಲೆಗಳು ಊರಿಗೊಂದು ಇರಲ್ಲ. ಒಂದು ಮಗು ಈ ಹಳ್ಳಿಯಲ್ಲಿ, ಇನ್ನೊಂದು ಆ ಹಳ್ಳಿಯಲ್ಲಿ. ಅಲ್ಲಿಗೆ ಬಸ್ ಕಳಿಸಲಾಗಲ್ಲ, ಕಾರೇ ಬೇಕು. ಅದಕ್ಕೇ ಇದು ಸಣ್ಣವರ ಕೆಲಸ. ಆ ಹಳ್ಳಿಯ ಹತ್ತಿರ ಇರುವವರೇ ಕಡಿಮೆ ಖರ್ಚಿನಲ್ಲಿ ಮಾಡಬಲ್ಲ ಕೆಲಸ.

ಈಗ ನೇರ ಬಿಡ್. ನಮ್ಮ ಕೌನ್ಸಿಲ್ ನಡೆಸುವುದು ಡೈನಾಮಿಕ್ ಪರ್ಚೇಸಿಂಗ್ ಸಿಸ್ಟಮ್, ಅಂದರೆ ಬಿಡ್ ಹಾಕಲು ಅರ್ಹರಾದವರ ಪಟ್ಟಿ. ಎಲ್ಲರೂ ಡಿಪಿಎಸ್ ಅನ್ನುತ್ತೇವೆ. ಇದು 2015ರ ಸಾರ್ವಜನಿಕ ಗುತ್ತಿಗೆ ನಿಯಮಗಳಡಿ ನಡೆಯುವಂಥದ್ದು. ಇದರಲ್ಲಿ ಬಾಗಿಲು ಸದಾ ತೆರೆದಿರಬೇಕು. ದಾಖಲೆ ಸರಿ ಇದ್ದವರು ಯಾವಾಗ ಬೇಕಾದರೂ ಒಳಗೆ ಬರಬಹುದು. ಬೇರೆ ಕೆಲವು ಕೌನ್ಸಿಲ್‌ಗಳಲ್ಲಿ ಹಳೇ ಮಾದರಿಯ ಫ್ರೇಮ್‌ವರ್ಕ್ ಇತ್ತು. ಅದರಲ್ಲಿ ಒಮ್ಮೆ ಪಟ್ಟಿ ಮುಚ್ಚಿದರೆ ಸಾಮಾನ್ಯವಾಗಿ ನಾಲ್ಕು ವರ್ಷ ಹೊಸಬರಿಗೆ ಜಾಗ ಇಲ್ಲ. ಒಳಗಿದ್ದವರಿಗೆ ಅದು ಸುಖ, ಪೈಪೋಟಿ ಕಡಿಮೆ. ಆದರೆ ನಾವು ಕಂಪನಿ ಶುರು ಮಾಡಿದ ಹೊಸದರಲ್ಲಿ ಪಕ್ಕದ ಕೌಂಟಿಯ ಪಟ್ಟಿ ಮುಚ್ಚಿಹೋಗಿತ್ತು. ಬಾರ್ಡರ್‌ನಿಂದ ಎರಡು ಮೈಲಿ ಆಚೆ ಇದ್ದ ಶಾಲೆಗೂ ಓಡಿಸುವ ಹಾಗಿರಲಿಲ್ಲ. ಹೊಸಬರಿಗೆ ಡಿಪಿಎಸ್ಸೇ ಮೇಲು ಅಂತ ನಾನು ಹೇಳುವುದು ಅದಕ್ಕೇ.

ಸೇರುವ ಕೆಲಸ ಮಾತ್ರ ತಲೆನೋವು. 1976ರ ಕಾಯ್ದೆಯಡಿ ಆಪರೇಟರ್, ಡ್ರೈವರ್, ಗಾಡಿ, ಮೂರಕ್ಕೂ ಬೇರೆ ಬೇರೆ ಲೈಸೆನ್ಸ್ ಇರಲೇಬೇಕು. ಅದರ ಮೇಲೆ ಡ್ರೈವರ್‌ಗೂ, ಕಾರಲ್ಲಿ ಮಗುವಿನ ಜೊತೆ ಕೂರುವ ಪ್ಯಾಸೆಂಜರ್ ಅಸಿಸ್ಟೆಂಟ್‌ಗೂ ಎನ್‌ಹಾನ್ಸ್ಡ್ ಡಿಬಿಎಸ್ ಚೆಕ್ (ಅಪರಾಧ ಹಿನ್ನೆಲೆಯ ತಪಾಸಣೆ), ಮಕ್ಕಳ ಸುರಕ್ಷತೆಯ ತರಬೇತಿ, ಲಕ್ಷಗಟ್ಟಲೆ ಪೌಂಡಿನ ಹೊಣೆಗಾರಿಕೆ ವಿಮೆ, ಇಷ್ಟುದ್ದ ನೀತಿ ಪತ್ರಗಳು. ಮಕ್ಕಳ ವಿಷಯ, ಚೆಕ್ ಇರಬೇಕಾದ್ದೇ. ಆದರೆ ನಲವತ್ತು ಕಾರಿನ ಕಂಪನಿಗೂ ನಾಲ್ಕು ಕಾರಿನವರಿಗೂ ಅದೇ ಪ್ರಶ್ನಾವಳಿ. ಅವರಲ್ಲಿ ಅದಕ್ಕೆಂದೇ ಒಬ್ಬ ಉದ್ಯೋಗಿ ಇರುತ್ತಾನೆ. ನಮ್ಮಲ್ಲಿ ರಾತ್ರಿ ಊಟ ಆದಮೇಲೆ ಅಡುಗೆಮನೆ ಟೇಬಲ್ ಮೇಲೆ ಕೂತು ನಾನೂ ನನ್ನ ಹೆಂಡತಿಯೂ ತುಂಬಬೇಕು.

ಒಳಗೆ ಸೇರಿದ ಮೇಲೆ ಮಿನಿ ಕಾಂಪಿಟಿಷನ್. ಪೋರ್ಟಲ್‌ನಲ್ಲಿ ರೂಟ್ ಬರುತ್ತದೆ: ಇಂಥ ಪೋಸ್ಟ್‌ಕೋಡ್‌ನಿಂದ ಇಂಥ ಶಾಲೆಗೆ, ಒಂದು ಮಗು, ಅಸಿಸ್ಟೆಂಟ್ ಬೇಕು ಅಥವಾ ಬೇಡ. ಕೆಲವೇ ದಿನದಲ್ಲಿ ದಿನದ ದರ ಹಾಕಬೇಕು. ನಮ್ಮಲ್ಲಿ ಗೆಲ್ಲುವುದು ಬರೀ ದರದ ಮೇಲೆ. ಕರ್ನಾಟಕದಲ್ಲಿ ಟೆಂಡರ್ ಹಾಕಿದವರಿಗೆ ಎಲ್1 ಗೊತ್ತಲ್ಲ, ಎಲ್ಲರಿಗಿಂತ ಕಡಿಮೆ ದರ ಹಾಕಿದವರು, ಅದೇ.

ದರ ಹಾಕುವ ಮುಂಚೆ ಖಾಲಿ ಓಟದ ಲೆಕ್ಕ ಹಾಕಲೇಬೇಕು. ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಜಾಗದಿಂದ ಮಗುವಿನ ಮನೆಗೆ 4 ಮೈಲಿ, ಮನೆಯಿಂದ ಶಾಲೆಗೆ 10, ಶಾಲೆಯಿಂದ ವಾಪಸ್ 12. ಒಟ್ಟು 26. ಸಂಜೆ ಇದೇ ತಿರುಗುಮುರುಗು. ದಿನಕ್ಕೆ 52 ಮೈಲಿ ಓಡುತ್ತೇವೆ, ಮಗು ಕಾರಲ್ಲಿರುವುದು 20 ಮೈಲಿ. ಪೋರ್ಟಲ್‌ನಲ್ಲಿ ಕಾಣುವುದು ಆ 20 ಮಾತ್ರ. ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ, ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ, ಕಾರು ಇದಕ್ಕೇ ಮೀಸಲು. ಆ ಹೊತ್ತಿನಲ್ಲಿ ಸಿಗುತ್ತಿದ್ದ ಬೇರೆ ಬಾಡಿಗೆ ಹೋಯಿತು.

ಇನ್ನೊಂದು, ಶಾಲೆ ನಡೆಯುವುದು ವರ್ಷಕ್ಕೆ 190 ದಿನ. ದಿನಕ್ಕೆ 70 ಪೌಂಡ್ ಅಂದರೆ ಕೇಳಲು ಚೆನ್ನಾಗಿದೆ. ವರ್ಷಕ್ಕೆ 13,300 ಆಯಿತು. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 1,108. ಕಾರಿನ ಕಂತು, ವಿಮೆ, ಲೈಸೆನ್ಸ್ ಫೀಸು ಆಗಸ್ಟ್‌ನಲ್ಲಿ ರಜೆ ತಗೊಳ್ಳಲ್ಲ. ಮೊದಲ ಸಲ ಬಿಡ್ ಹಾಕುವವರು ಬಹಳ ಜನ 365 ದಿನದ ತಲೆಯಲ್ಲೇ ದರ ಹಾಕುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ರೂಟ್ ವಾಪಸ್ ಕೊಡುತ್ತಾರೆ. ಅವರಿಗೂ ನಷ್ಟ, ಆ ದರಕ್ಕೆ ಸೋತವರಿಗೂ ನಷ್ಟ, ಎಲ್ಲರಿಗಿಂತ ಹೆಚ್ಚು ಆ ಮಗುವಿಗೆ.

ದರ ಒಮ್ಮೆ ಹಾಕಿದರೆ ಕಾಂಟ್ರಾಕ್ಟ್ ಮುಗಿಯುವ ತನಕ ಅಷ್ಟೇ ಅನ್ನುವ ಷರತ್ತು ನಮಗೆ ಬಹಳ ಕಷ್ಟ ಕೊಟ್ಟಿದೆ. 2022ರ ಬೇಸಿಗೆಯಲ್ಲಿ ಇಲ್ಲಿ ಪೆಟ್ರೋಲ್, ಡೀಸೆಲ್ ಎರಡೂ ಲೀಟರಿಗೆ 190 ಪೆನ್ಸ್ ದಾಟಿದವು. ನಮ್ಮ ದರ ಅದರ ಹಿಂದಿನ ವರ್ಷದ್ದು. ಅಸಿಸ್ಟೆಂಟ್ ಸಂಬಳದ್ದೂ ಇದೇ ಕಥೆ. ಕನಿಷ್ಠ ಕೂಲಿ 2024ರ ಏಪ್ರಿಲ್‌ನಲ್ಲಿ ಗಂಟೆಗೆ 11.44 ಪೌಂಡ್ ಇತ್ತು, 2025ರ ಏಪ್ರಿಲ್‌ನಲ್ಲಿ 12.21 ಆಯಿತು. ಅವರ ಕೂಲಿ ಏರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ದಿನಕ್ಕೆ ನಾಲ್ಕು ಗಂಟೆಯಂತೆ 190 ದಿನಕ್ಕೆ ಒಂದು ರೂಟ್ ಮೇಲೆ 585 ಪೌಂಡ್ ಜಾಸ್ತಿ. ಕಾಂಟ್ರಾಕ್ಟ್‌ನಲ್ಲಿ ವರ್ಷಕ್ಕೊಮ್ಮೆ ದರ ಏರಿಸುವ ಸಾಲು ಇಲ್ಲದಿದ್ದರೆ ಅದು ನಮ್ಮ ಜೇಬಿನಿಂದಲೇ.

ಇಷ್ಟಾದರೂ ನೇರ ಬಿಡ್ ಯಾಕೆ ಇಷ್ಟ? ದುಡ್ಡು ಸರಿಯಾಗಿ ಬರುತ್ತದೆ. ಬಿಲ್ ಸರಿ ಇದ್ದರೆ 30 ದಿನದಲ್ಲಿ ಕೊಡಬೇಕು ಅಂತ ಕಾನೂನೇ ಇದೆ, ನಮಗೆ ಕೌನ್ಸಿಲ್‌ನಿಂದ ಅದಕ್ಕಿಂತ ತಡ ಆಗಿಲ್ಲ. ಮಗುವಿನ ವಿಷಯ ಏನೇ ಇದ್ದರೂ ಅಲ್ಲಿನ ಅಧಿಕಾರಿಗೆ ನೇರ ಫೋನ್ ಮಾಡಬಹುದು. ಅದು ಸಣ್ಣ ಮಾತಲ್ಲ.

ಆಟಿಸಂ ಇದ್ದ ಒಬ್ಬ ಹುಡುಗನನ್ನು ನಾವು ಕರೆದುಕೊಂಡು ಹೋಗುತ್ತಿದ್ದೆವು. ಹಿಂದಿನ ಸೀಟಿನ ಎಡಗಡೆಯೇ ಆಗಬೇಕು. ಬೆಲ್ಟ್ ಹಾಕಿದ ಮೇಲೆ ತಾನೇ ಮೂರು ಸಲ ಎಳೆದು ನೋಡುತ್ತಿದ್ದ, ಅಲ್ಲಿಯವರೆಗೆ ಕಾರು ಅಲುಗಾಡಬಾರದು. ದಾರಿಯಲ್ಲಿ ಒಂದು ರೈಲ್ವೆ ಗೇಟ್. ಅದರ ಗಂಟೆ ಕೇಳಿದರೆ ಕಿವಿ ಮುಚ್ಚಿಕೊಂಡು ಒದ್ದಾಡುತ್ತಿದ್ದ. ನಮ್ಮ ಡ್ರೈವರ್ ದೂರದಿಂದಲೇ ಕೆಂಪು ದೀಪ ನೋಡಿ, ಪಬ್ ಪಕ್ಕದ ಜಾಗದಲ್ಲಿ ಕಾರು ಹಾಕಿ, ಕಿಟಕಿ ಏರಿಸಿ ಕಾಯುತ್ತಿದ್ದ. ಗೇಟ್ ಎದ್ದ ಮೇಲೆ ಹೊರಡುತ್ತಿದ್ದ. ಇದನ್ನು ಯಾರೂ ಕಾಗದದಲ್ಲಿ ಬರೆದುಕೊಟ್ಟಿರಲಿಲ್ಲ, ಓಡಿಸುತ್ತಾ ಓಡಿಸುತ್ತಾ ಕಲಿತದ್ದು. ಮರುಟೆಂಡರ್‌ನಲ್ಲಿ ಆ ರೂಟ್ ನಮ್ಮ ಕೈಬಿಟ್ಟಿತು. ಗೆದ್ದವರಿಗೂ ನಮಗೂ ಇದ್ದ ವ್ಯತ್ಯಾಸ ದಿನಕ್ಕೆ ಒಂದು ಕಾಫಿಯ ದುಡ್ಡು. ಸೆಪ್ಟೆಂಬರ್ ಮೊದಲ ವಾರವೇ ಅವನ ತಾಯಿ ಫೋನ್ ಮಾಡಿದರು, ಹುಡುಗ ಕಾರು ಹತ್ತಲ್ಲ ಅಂತಾನೆ ಅಂತ. ನಾವೇನು ಮಾಡೋದು? ಡ್ರೈವರ್ ಕೈಯಲ್ಲಿ ಎರಡು ಪುಟ ಬರೆಸಿ ಕೌನ್ಸಿಲ್‌ಗೆ ಕಳಿಸಿದೆವು, ಹೊಸಬರಿಗೆ ಮುಟ್ಟಿಸಿ ಅಂತ. ಇಂಥ ರೂಟ್‌ಗೆ ಬರೀ ದರ ನೋಡದೆ, ಬಿಡ್‌ಗೆ ಕೊಡುವ ಅಂಕದಲ್ಲಿ ಒಂದಿಷ್ಟು ಭಾಗವನ್ನಾದರೂ ಈಗಿರುವ ಡ್ರೈವರ್ ಮುಂದುವರಿಯುವುದಕ್ಕೆ ಇಡಬೇಕು. ನನ್ನ ಗಟ್ಟಿ ಅಭಿಪ್ರಾಯ ಇದು.

ಸಬ್‌ಕಾಂಟ್ರಾಕ್ಟ್‌ಗೆ ಬರೋಣ. ಇದರ ಸುಖ ಏನೆಂದರೆ ಟೆಂಡರ್ ಪೇಪರ್ ಇಲ್ಲ. ಒಂದು ಫೋನ್: "ಸೋಮವಾರದಿಂದ ಒಂದು ರೂಟ್ ಇದೆ, ಮಾಡ್ತೀರಾ?" 2015ರ ಒಂದು ಕಾಯ್ದೆಯಿಂದ, ಒಂದು ಕಡೆ ಲೈಸೆನ್ಸ್ ಇರುವ ಆಪರೇಟರ್ ಇನ್ನೊಂದು ಕಡೆಯ ಆಪರೇಟರ್‌ಗೂ ಕೆಲಸ ದಾಟಿಸಬಹುದು. ಅಲ್ಲಿಂದ ಈ ವ್ಯವಹಾರ ಸುಲಭವಾಯಿತು. ಒಂದೂ ಕಾರಿಲ್ಲದೆ ಬರೀ ಟೆಂಡರ್ ಹಾಕಿ ರೂಟ್ ಹಂಚುವ ಕಂಪನಿಗಳೂ ಇವೆ.

ನಾವು ಮಾಡಿದ ಕಡೆ, ಕೌನ್ಸಿಲ್ ಆ ರೂಟಿಗೆ ಎಷ್ಟು ಕೊಡುತ್ತಿದೆ ಅಂತ ಕೊನೆಯವರೆಗೂ ಹೇಳಲಿಲ್ಲ. ಇಷ್ಟು ಕೊಡ್ತೀವಿ, ಬೇಕಾದರೆ ಮಾಡಿ ಅಷ್ಟೇ. ಬಿಲ್ ಎರಡು ತಿಂಗಳು ಎಳೆಯಿತು. 30 ದಿನದ ನಿಯಮ ಸಬ್‌ಕಾಂಟ್ರಾಕ್ಟರ್‌ಗೂ ಅನ್ವಯಿಸುತ್ತದೆ, ಆದರೆ ಜೋರು ಮಾಡಿದರೆ ಮುಂದಿನ ರೂಟ್ ಸಿಗಲ್ಲ ಅನ್ನುವ ಭಯಕ್ಕೆ ಯಾರೂ ಬಾಯಿ ಬಿಡಲ್ಲ. ಮಗುವಿನ ವಿವರದ ಹಾಳೆ ಬಂದದ್ದು ಓಡಿಸಲು ಶುರು ಮಾಡಿದ ಮೇಲೆ. ಫಿಟ್ಸ್ ಬರುವ ಮಗು, ಮಧ್ಯರಾತ್ರಿ ಒಂದು ಮೆಸೇಜ್‌ನಲ್ಲಿ ಹೇಳಿ ಬೆಳಗ್ಗೆ ಕರ್ಕೊಂಡು ಹೋಗಿ ಅಂದರೆ ಹೇಗೆ? ನಾವು ಒಪ್ಪಲಿಲ್ಲ. ಅಲ್ಲಿಗೆ ಆ ಸಂಬಂಧ ಮುಗಿಯಿತು. ಕಾರು ಖಾಲಿ ನಿಂತಿದ್ದಾಗ ಒಂದು ಟರ್ಮ್‌ಗೆ ಮಾಡಿ, ಬೇಡ ಅನ್ನಲ್ಲ. ದರ, ದುಡ್ಡು ಕೊಡುವ ದಿನ, ಮಗುವಿನ ವಿವರ, ಮೂರೂ ಬರವಣಿಗೆಯಲ್ಲಿ ಬಂದಮೇಲೆ ಮಾತ್ರ ಗಾಡಿ ತೆಗೆಯಿರಿ.

ಏರ್‌ಪೋರ್ಟ್ ಬಾಡಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದುಡ್ಡು ಅವತ್ತೇ ಕೈಗೆ. ಬೇಸಿಗೆಯಲ್ಲಿ ಭರ್ತಿ, ಜನವರಿಯಲ್ಲಿ ಕಾರು ನಿಂತಲ್ಲೇ. ಬೆಳಗಿನ ಜಾವ ಮೂರಕ್ಕೆ ಎದ್ದು ಹೋಗುವುದು ವಯಸ್ಸಿದ್ದಾಗ ಸರಿ.

ಆದರೆ ವ್ಯಾಟ್ ವಿಷಯದಲ್ಲಿ ಏರ್‌ಪೋರ್ಟ್ ಬಾಡಿಗೆಯೂ ಕೌನ್ಸಿಲ್ ಕೆಲಸವೂ ಪೂರ್ತಿ ಉಲ್ಟಾ. 2024ರ ಏಪ್ರಿಲ್‌ನಿಂದ ವರ್ಷದ ವಹಿವಾಟು 90,000 ಪೌಂಡ್ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ, ಟ್ಯಾಕ್ಸಿ ಬಾಡಿಗೆಗೆ 20%. ಏರ್‌ಪೋರ್ಟ್ ಗಿರಾಕಿಗೆ ಆ 20% ಭಾರ, ಹಾಗಾಗಿ ನೋಂದಣಿ ಇಲ್ಲದ ಸಣ್ಣವರಿಗೆ ಅಲ್ಲಿ ಅನುಕೂಲ. ಕೌನ್ಸಿಲ್ ಮಾತ್ರ ಕೊಟ್ಟ ವ್ಯಾಟ್ ವಾಪಸ್ ಪಡೆಯುತ್ತದೆ, ನಮ್ಮಲ್ಲಿ ಬಿಡ್ ಹೋಲಿಸುವುದೂ ವ್ಯಾಟ್ ಬಿಟ್ಟ ದರದಲ್ಲೇ. ನೋಂದಣಿ ಇರುವ ದೊಡ್ಡವರು ಡೀಸೆಲ್ ಮೇಲಿನದ್ದು, ರಿಪೇರಿ ಮೇಲಿನದ್ದು ಎಲ್ಲ ವಾಪಸ್ ಪಡೆದು ಅಷ್ಟು ಕಡಿಮೆ ದರ ಹಾಕಬಲ್ಲರು. ಇಲ್ಲದವರು ಆ ಖರ್ಚನ್ನು ನುಂಗಬೇಕು. ಸ್ಕೂಲ್ ಕೆಲಸವೇ ಮುಖ್ಯ ಅಂತ ತೀರ್ಮಾನ ಮಾಡಿದರೆ, 90,000 ಮುಟ್ಟುವ ಮುಂಚೆಯೇ ನೋಂದಣಿ ಮಾಡಿಸುವುದು ಲಾಭವಾ ಅಂತ ಅಕೌಂಟೆಂಟ್ ಹತ್ತಿರ ಒಮ್ಮೆ ಕೂತು ನೋಡಿ.

ಇನ್ನು ಗಂಟು ಕಟ್ಟುವ ವಿಷಯ. ಒಂದು ಶಾಲೆಯ ಎಲ್ಲ ರೂಟ್, ಅಥವಾ ಒಂದು ಪಟ್ಟಣದ ಎಲ್ಲ ರೂಟ್ ಒಂದೇ ಲಾಟ್ ಆಗಿ ಟೆಂಡರ್ ಬಂದರೆ ನಾಲ್ಕು ಕಾರಿನವರು ಹಾಕುವುದೇ ಹೇಗೆ? ಕೌನ್ಸಿಲ್‌ಗೆ ಫೋನ್ ಮಾಡಲು ಒಂದೇ ನಂಬರ್ ಸಿಗುತ್ತದೆ, ಕೆಲಸ ಸುಲಭ. ಅದು ನನಗೂ ಅರ್ಥ ಆಗುತ್ತದೆ. ಆದರೆ ಆ ದೊಡ್ಡವರು ಕೊನೆಗೆ ಕರೆಯುವುದು ನಮ್ಮನ್ನೇ, ಸಬ್‌ಕಾಂಟ್ರಾಕ್ಟ್‌ಗೆ. ಅದೇ ಕಾರು, ಅದೇ ಡ್ರೈವರ್, ನಡುವೆ ಒಂದು ಪಾಲು ಹೋಗುತ್ತದೆ. ಸಣ್ಣವರು ಹೀಗೆ ಒಬ್ಬೊಬ್ಬರಾಗಿ ಬಿಟ್ಟುಹೋದರೆ ಮುಂದಿನ ಟೆಂಡರ್‌ಗೆ ಬಿಡ್ ಹಾಕುವವರು ಇಬ್ಬರೋ ಮೂವರೋ. ಆಗ ದರ ಇಳಿಯುತ್ತಾ? 2023ರ ಪ್ರೊಕ್ಯೂರ್‌ಮೆಂಟ್ ಕಾಯ್ದೆ ಜಾರಿಗೆ ಬಂದದ್ದು 2025ರ ಫೆಬ್ರವರಿ 24ರಂದು. ಸಣ್ಣ ಉದ್ಯಮಗಳಿಗೆ ಇರುವ ಅಡ್ಡಿಗಳನ್ನು ಕೌನ್ಸಿಲ್ ಗಮನಿಸಬೇಕು ಅಂತ ಅದರಲ್ಲೇ ಬರೆದಿದೆ. ಲಾಟ್ ದೊಡ್ಡದಾಗಿ ಬಂದಾಗ ನಾವು ಪೋರ್ಟಲ್‌ನಲ್ಲೇ ಪ್ರಶ್ನೆ ಹಾಕುತ್ತೇವೆ: ಇದನ್ನು ಯಾಕೆ ಒಡೆಯಲಿಲ್ಲ? ಎಲ್ಲ ಬಿಡ್‌ದಾರರಿಗೂ ಕಾಣುವಂತೆ ಉತ್ತರ ಕೊಡುತ್ತಾರೆ. ಒಮ್ಮೆ ಒಡೆದೂ ಕೊಟ್ಟಿದ್ದಾರೆ.

ಹಳೇ ನಿಯಮದ ಡಿಪಿಎಸ್‌ಗಳು ಹೆಚ್ಚೆಂದರೆ 2029ರ ಫೆಬ್ರವರಿ 23ರವರೆಗೆ. ಅದರ ಜಾಗಕ್ಕೆ ಡೈನಾಮಿಕ್ ಮಾರ್ಕೆಟ್ ಬರುತ್ತಿದೆ. ಅಲ್ಲೂ ಬಾಗಿಲು ತೆರೆದೇ ಇರುತ್ತದೆ, ಆದರೆ ಮತ್ತೆ ಅರ್ಜಿ ಹಾಕಬೇಕು, ಹಳೇದು ತಾನಾಗಿ ದಾಟಿ ಬರುತ್ತೆ ಅಂದುಕೊಳ್ಳಬೇಡಿ. ಸರ್ಕಾರದ ಫೈಂಡ್ ಎ ಟೆಂಡರ್ ತಾಣದಲ್ಲಿ ಕಂಪನಿಯ ವಿವರ ಒಮ್ಮೆ ತುಂಬಿಟ್ಟರೆ ಬೇರೆ ಬೇರೆ ಕೌನ್ಸಿಲ್‌ಗೆ ಅದನ್ನೇ ಬಳಸಬಹುದು, ಶುಲ್ಕ ಇಲ್ಲ. ಡ್ರೈವರ್‌ಗಳ ಡಿಬಿಎಸ್ ಮುಗಿದಿದ್ದರೆ ಈಗಲೇ ಹಾಕಿ. ಜುಲೈನಲ್ಲಿ ಎಲ್ಲರೂ ಒಟ್ಟಿಗೆ ಹಾಕುತ್ತಾರೆ, ಸರ್ಟಿಫಿಕೇಟ್ ಬರುವಷ್ಟರಲ್ಲಿ ಸೆಪ್ಟೆಂಬರ್ ರೂಟ್ ಬೇರೆಯವರದ್ದಾಗಿರುತ್ತದೆ.