ಸರ್ವಿಸ್ ಕ್ಯಾಟಲಾಗ್ ತಾನಾಗೇ ತುಂಬುತ್ತದೆ ಅಂದರೆ ನಂಬಬೇಡಿ

"ಒಂದೇ ಒಂದು ಯಾಮಲ್ ಫೈಲ್ ಬರೆಯಬೇಕಿಲ್ಲ ಸರ್, ಒಂದೇ ದಿನದಲ್ಲಿ ಕ್ಯಾಟಲಾಗ್ ತುಂಬುತ್ತದೆ." ಟೂಲ್ ಮಾರಲು ಬಂದವರ ಈ ಮಾತಿಗೆ ನಾನು ಬಿದ್ದೆ. ಕ್ಯಾಟಲಾಗ್ ಅಂದರೆ ಕಂಪನಿಯಲ್ಲಿ ಯಾವ ಸಾಫ್ಟ್‌ವೇರ್ ಸರ್ವಿಸ್‌ಗಳಿವೆ, ಯಾವುದಕ್ಕೆ ಯಾರು ಓನರ್ ಎಂಬ ಪಟ್ಟಿ; ಯಾಮಲ್ ಅಂದರೆ ಆ ವಿವರ ಬರೆದಿಡುವ ಟೆಕ್ಸ್ಟ್ ಫೈಲ್. ನೀವು ಬೀಳಬೇಡಿ.

ಇಂಥ ಕ್ಯಾಟಲಾಗ್ ಇಡುವ ಬ್ಯಾಕ್‌ಸ್ಟೇಜ್ ಟೂಲ್ ಹಾಕಿಕೊಂಡವರಿಗೆ ಈ ಕಷ್ಟ ಗೊತ್ತು. ರೆಪೋಗೊಂದು (ಕೋಡ್ ಇಡುವ ಜಾಗಕ್ಕೊಂದು) ಕ್ಯಾಟಲಾಗ್-ಇನ್ಫೋ ಯಾಮಲ್ ಫೈಲ್ ಇಡಬೇಕು, ಓನರ್ ಯಾರು ಅಂತ ಬರೆಯಬೇಕು. ಟೀಮ್‌ಗಳ ಬೆನ್ನು ಬಿದ್ದು ಬರೆಸಿ ಬರೆಸಿ ಸಾಕಾಗಿತ್ತು. ಸರಿಯಾಗಿ ಆ ಹೊತ್ತಿಗೇ ಈ ಟೂಲ್ ಮಾರುವವರು ಬಂದರು. ಕೋಡ್ ಇರುವ ಗಿಟ್, ಸರ್ವಿಸ್ ಓಡಿಸುವ ಕುಬರ್ನೆಟೀಸ್‌ನ ಲೇಬಲ್, ಯಾವ ಸರ್ವಿಸ್ ಯಾವುದನ್ನು ಕರೆಯಿತು ಅಂತ ದಾಖಲಿಸುವ ಟ್ರೇಸ್, ಎಲ್ಲ ಕಡೆಯಿಂದ ಮೆಟಾಡೇಟಾ (ಸರ್ವಿಸ್‌ಗಳ ವಿವರ) ಇವರ ಟೂಲೇ ಎಳೆದುಕೊಳ್ಳುತ್ತದಂತೆ. ಡೆಮೋ ನೋಡಿ ಸಹಿ ಹಾಕಿದೆವು. ಡೆಮೋ ಓಡಿದ್ದು ಅವರದೇ ಡೇಟಾ ಮೇಲೆ ಅಂತ ಹೊಳೆಯಲೇ ಇಲ್ಲ!

ತುಂಬಿತು, ಸುಳ್ಳಲ್ಲ. ಆರ್ಕೈವ್ ಆದ ರೆಪೋ, ಯಾರೋ ಸುಮ್ನೆ ಮಾಡಿಟ್ಟ ಫೋರ್ಕ್ (ರೆಪೋದ ನಕಲು), ಎಲ್ಲವೂ ಸರ್ವಿಸ್‌ಗಳೇ. ಒಂದೇ ಸರ್ವಿಸ್‌ಗೆ ರೆಪೋದಲ್ಲೊಂದು ಹೆಸರು, ಲೇಬಲ್‌ನಲ್ಲೊಂದು, ಟ್ರೇಸ್‌ನಲ್ಲೊಂದು. ಹಾಗಾಗಿ ಮೂರು ಸಲ ಬಂದಿತ್ತು.

ಮಾನ ಹೋಗಿದ್ದು ಮ್ಯಾನೇಜರ್‌ಗಳ ಮುಂದೆ. ಯಾವ ಸರ್ವಿಸ್ ಯಾವುದರ ಮೇಲೆ ನಿಂತಿದೆ ಅಂತ ತೋರಿಸುವ ಗ್ರಾಫ್ ತೆರೆದು, ನಡುವಿದ್ದ ದೊಡ್ಡ ಚುಕ್ಕೆ ತೋರಿಸಿ, "ಎಲ್ಲ ಇದರ ಮೇಲೇ ನಿಂತಿದೆ, ಇದೇ ನಮ್ಮ ಅತಿ ಮುಖ್ಯ ಸರ್ವಿಸ್" ಎಂದೆ. ಅದರ ಹೆಸರು 'ಅನ್‌ನೋನ್ ಸರ್ವಿಸ್: ಜಾವಾ'. ಹೊಸದಾಗಿ ಸೇರಿದ ಹುಡುಗಿ ಮೆಲ್ಲಗೆ ಕೇಳಿದಳು. "ಸರ್, ಸರ್ವಿಸ್ ಹೆಸರು ಸೆಟ್ ಮಾಡದಿದ್ದರೆ ಓಪನ್‌ಟೆಲಿಮೆಟ್ರಿ ತಾನೇ ಇಡುವ ಹೆಸರು ಅದು, ಅಲ್ವಾ?" ಹೌದು, ಟ್ರೇಸ್ ಕಳಿಸುವುದು ಆ ಓಪನ್‌ಟೆಲಿಮೆಟ್ರಿಯೇ. ಹೆಸರಿಡದ ಜಾವಾ ಸರ್ವಿಸ್‌ಗಳೆಲ್ಲ ಸೇರಿ ಒಂದು ಚುಕ್ಕೆ ಆಗಿದ್ದವು. ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ! ಚಿತ್ರ ಅಷ್ಟು ಚಂದ ಇತ್ತು, ಹೆಸರನ್ನೇ ಓದಲಿಲ್ಲ.

ಟೂಲ್‌ನವರಿಗೆ ಟಿಕೆಟ್ ಹಾಕಿದೆ. ಉತ್ತರ: "ನಿಮ್ಮ ಮೆಟಾಡೇಟಾ ಕ್ಲೀನ್ ಇಲ್ಲ ಸರ್." ಕ್ಲೀನ್ ಇದ್ದಿದ್ದರೆ ನಿಮ್ಮನ್ನು ಯಾಕಪ್ಪ ಕರೆಯುತ್ತಿದ್ದೆ? ಓನರ್ ಎಲ್ಲಿಂದ ಬರುತ್ತಾರೆ ಅಂತ ಕೇಳಿದೆ. "ಇತ್ತೀಚೆಗೆ ಕೋಡ್ ಬದಲಾವಣೆ ಜಾಸ್ತಿ ಕಮಿಟ್ ಮಾಡಿದವರೇ ಓನರ್." ಅಂದರೆ ಎಷ್ಟೋ ಸರ್ವಿಸ್‌ಗಳಿಗೆ ಲೈಬ್ರರಿ ಅಪ್‌ಡೇಟ್ ಮಾಡುವ ಬಾಟ್ ಓನರ್. ಇನ್ನು ಕೆಲವಕ್ಕೆ ಕೆಲಸ ಬಿಟ್ಟು ಹೋದವರು. ಕೈಯಾರೆ ಕೂತು ತಿದ್ದಿದೆ. ರಾತ್ರಿ ಸಿಂಕ್ ಓಡಿ ಎಲ್ಲ ವಿವರ ಹೊಸದಾಗಿ ಎಳೆಯಿತು, ಬೆಳಿಗ್ಗೆ ಮತ್ತೆ ಬಾಟ್. ಮತ್ತೆ ತಿದ್ದಿದೆ, ಮತ್ತೆ ಬಾಟ್. ಅದಕ್ಕೆ ಬಂದ ಉತ್ತರ ನೋಡಿ: "ಓನರ್ ಪಕ್ಕಾ ಬೇಕಂದರೆ ರೆಪೋದಲ್ಲಿ ಒಂದು ಯಾಮಲ್ ಫೈಲ್ ಇಡಿ ಸರ್."

ಯಾಮಲ್ ಫೈಲ್!

ಟ್ರಯಲ್‌ನಲ್ಲಿ ನಿಮ್ಮದೇ ರೆಪೋಗಳನ್ನು ಜೋಡಿಸಿ ನೋಡಿ, ಅದರಲ್ಲೂ ತೀರಾ ಕೊಳಕಾಗಿರುವುದನ್ನು. ಓನರ್ ಎಲ್ಲಿಂದ ಬರುತ್ತದೆ, ಕೈಯಾರೆ ತಿದ್ದಿದ್ದು ಸಿಂಕ್ ಆದ ಮೇಲೂ ಉಳಿಯುತ್ತದಾ, ಇವೆರಡನ್ನೂ ಬರೆದುಕೊಡಿ ಅನ್ನಿ. ನಮ್ಮ ಕರಾರು ಇನ್ನೂ ಮುಗಿದಿಲ್ಲ. ನಾನು ಮತ್ತೆ ಟೀಮ್‌ಗಳ ಬೆನ್ನು ಬಿದ್ದಿದ್ದೇನೆ, ಯಾಮಲ್ ಬರೆಸಲು.