ನಾಲ್ಕನೆಯ ಅಂಕಿ ತೋರಿಸದ ಆ್ಯಪ್: ಐದನೆಯ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ ಸೀಸನ್ನಿನ ಅರ್ಧದಾರಿಯಲ್ಲಿ

ಇದನ್ನು ಬರೆಯುತ್ತಿರುವುದು 2025ರ ಜನವರಿಯಲ್ಲಿ. ಫ್ಯಾಂಟಸಿ ಎಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಆಟಗಾರರನ್ನು ಆರಿಸಿ ನಾವೇ ಕಟ್ಟುವ ಕಾಲ್ಪನಿಕ ತಂಡ. ಪ್ರತಿ ವಾರ ಒಬ್ಬ ಎದುರಾಳಿ, ಆಟಗಾರರ ನಿಜ ಪಂದ್ಯಗಳ ಅಂಕಿಗಳನ್ನು ಒಂಬತ್ತು ವಿಭಾಗಗಳಲ್ಲಿ ಹೋಲಿಸಿ ಪ್ರತಿ ವಿಭಾಗಕ್ಕೂ ಒಂದು ಗೆಲುವು, ಸೋಲು ಇಲ್ಲವೇ ಸಮ. ನಮ್ಮ ಹನ್ನೆರಡು ತಂಡಗಳ ಲೀಗಿನಲ್ಲಿ ಹನ್ನೆರಡು ವಾರ ಮುಗಿದಿವೆ. ಅಂಕಪಟ್ಟಿಯಲ್ಲಿ ನನ್ನ ತಂಡ ಮೂರನೆಯದು: 60 ಗೆಲುವು, 45 ಸೋಲು, 3 ಸಮ. ನನ್ನ ಮೇಲಿರುವ ಹಾಸನದ ಗೆಳೆಯನದು 61, 44, 3. ನಮ್ಮಿಬ್ಬರ ನಡುವೆ ಇರುವುದು ಒಂದೇ ಒಂದು ವಿಭಾಗದ ಗೆಲುವು. ಅದು ಅವನ ಕಡೆಗೆ ಹೋದದ್ದು ಹೇಗೆಂಬುದನ್ನು ಬರೆಯಲೆಂದೇ ಈ ವಿಮರ್ಶೆಗೆ ಕುಳಿತಿದ್ದೇನೆ. ಮೊದಲ ಎರಡು ಸ್ಥಾನದವರು ಪ್ಲೇಆಫ್‌ನ ಮೊದಲ ವಾರ ಆಡಬೇಕಿಲ್ಲ, ನೇರ ಸೆಮಿಫೈನಲ್ ತಲುಪುತ್ತಾರೆ. ಹಾಗಾಗಿ ಎರಡಕ್ಕೂ ಮೂರಕ್ಕೂ ಇರುವ ಅಂತರ ಸಣ್ಣದಲ್ಲ.

ಆ್ಯಪ್‌ನ ಹೆಸರು ಬರೆಯುವುದಿಲ್ಲ. ಎನ್‌ಬಿಎ ಫ್ಯಾಂಟಸಿ ಆಡುವವರ ಮೊಬೈಲಿನಲ್ಲಿ ಸಾಮಾನ್ಯವಾಗಿ ಇರುವ ಎರಡು ಮೂರು ಆ್ಯಪ್‌ಗಳಲ್ಲಿ ಅದೂ ಒಂದು. ಆಟದ ನಿಯಮಗಳನ್ನು ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ನಾನು ಇದನ್ನು ಬಳಸತೊಡಗಿದ್ದು 2020ರ ಡಿಸೆಂಬರ್‌ನಲ್ಲಿ. ಕೋವಿಡ್‌ನಿಂದಾಗಿ ಆ ವರ್ಷದ ಸೀಸನ್ ತಡವಾಗಿ ಶುರುವಾಗಿ, ತಂಡಕ್ಕೆ 82ರ ಬದಲು 72 ಪಂದ್ಯಗಳಿದ್ದವು. ಮನೆಯಲ್ಲೇ ಕೂತಿದ್ದ ಕಾಲೇಜು ಗೆಳೆಯರು, ನೆಂಟರು ಎಲ್ಲ ಸೇರಿ ಲೀಗ್ ಕಟ್ಟಿದೆವು. ಹಣ ಕಟ್ಟುವ ಆಟವಲ್ಲ, ಬಾಜಿ ಇಲ್ಲ. ಜಾಹೀರಾತಿಲ್ಲದ ಆವೃತ್ತಿಗೆ ಕೇಳುವ ಚಂದಾ ನಮ್ಮ ಮನೆಯ ತಿಂಗಳ ಹಾಲಿನ ಲೆಕ್ಕವನ್ನು ಮೀರುತ್ತದೆ, ಅದನ್ನು ನಾನು ಇದುವರೆಗೆ ಕೊಟ್ಟಿಲ್ಲ. ನನ್ನ ಅಭಿಪ್ರಾಯವೆಲ್ಲ ಉಚಿತ ಆವೃತ್ತಿಯ ಬಗ್ಗೆ.

ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿಯ ಸಂಜೆ ಏಳು ಗಂಟೆಯ ಪಂದ್ಯ ಮೈಸೂರಿನಲ್ಲಿ ಬೆಳಗಿನ ಐದೂವರೆಗೆ ಬರುತ್ತದೆ. ಅಕ್ಟೋಬರ್‌ನಲ್ಲಿ ನಾಲ್ಕೂವರೆ. ನವೆಂಬರ್ ಮೊದಲ ವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ನನಗೆ ಒಂದು ಗಂಟೆ ನಿದ್ದೆ ಮರಳಿ ಸಿಗುತ್ತದೆ. ಐದು ಗಂಟೆಗೆ ಎದ್ದು ಫಿಲ್ಟರಿಗೆ ಬಿಸಿನೀರು ಹಾಕಿ, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಯಾರಿಗೆ ಗಾಯ, ಯಾರಿಗೆ ವಿಶ್ರಾಂತಿ ಎಂದು ನೋಡಿ ಹತ್ತು ಜನರನ್ನು ಜೋಡಿಸಿಡುತ್ತೇನೆ. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಡುವ ಜಾಗ ಐದು ಸೀಸನ್ನಿನಿಂದ ಬದಲಾಗಿಲ್ಲ. ಹಾಲು ಉಕ್ಕುವ ಮೊದಲು ಮೊದಲ ಪಂದ್ಯದ ಚೆಂಡು ಎಸೆದಾಗಿರುತ್ತದೆ. ಪಂದ್ಯವನ್ನು ನಾನು ನೋಡುವುದು ಭಾನುವಾರ ಮಾತ್ರ. ಉಳಿದ ದಿನ ನನಗೆ ಕಾಣುವುದು ಅಂಕಿಗಳಷ್ಟೇ: ಬೆರಳಿನಿಂದ ಪರದೆಯನ್ನು ಕೆಳಗೆಳೆದಾಗ ಒಂದು ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಎರಡಾಗುತ್ತದೆ, ಆರು ರೀಬೌಂಡ್ (ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡನ್ನು ಹಿಡಿಯುವುದು) ಏಳಾಗುತ್ತದೆ.

ಆ ಹೊತ್ತಿಗೆ ಅಪ್ಪ ವಾಕಿಂಗ್ ಮುಗಿಸಿ ಬರುತ್ತಾರೆ. ಅವರು ಓದುವ ಕಾಲದಲ್ಲಿ ಜಿಲ್ಲಾ ಮಟ್ಟದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವರು, ಆಮೇಲೆ ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಲೆಕ್ಕ ಬರೆದವರು. ಕುರ್ಚಿ ಎಳೆದುಕೊಂಡು ಅವರು ಕೇಳುವುದು ಒಂದೇ ಹೆಸರು: "ಆ ಆಸ್ಟ್ರೇಲಿಯಾದ ಹುಡುಗ ಇವತ್ತು ಎಷ್ಟು ಕಸಿದ?" ಡೈಸನ್ ಡೇನಿಯಲ್ಸ್. 2024ರ ಬೇಸಿಗೆಯಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಅಟ್ಲಾಂಟಾಕ್ಕೆ ಬಂದವನು. ಡ್ರಾಫ್ಟ್‌ನ (ಸೀಸನ್ನಿಗೆ ಮೊದಲು ಸರದಿಯಂತೆ ಆಟಗಾರರನ್ನು ಆರಿಸುವ ಕ್ರಮ) ಕೊನೆಯ ಸುತ್ತುಗಳಲ್ಲಿ ಅವನನ್ನು ಆರಿಸಿಕೊಂಡೆ. ಈ 2024-25ರ ಸೀಸನ್ನಿನಲ್ಲಿ ಪಂದ್ಯಕ್ಕೆ ಸರಾಸರಿ ಮೂರರಷ್ಟು ಸ್ಟೀಲ್ ಮಾಡಿ ಇಡೀ ಎನ್‌ಬಿಎಯಲ್ಲಿ ಮೊದಲನೆಯವನಾಗಿದ್ದಾನೆ. ಅಟ್ಲಾಂಟಾ ಹಾಕ್ಸ್ ತಂಡದ ಪಂದ್ಯದ ಮೇಲೆ ಕಣ್ಣಿಡುವ ಕಾರಣ ನನಗೆ ಹಿಂದೆ ಎಂದೂ ಇರಲಿಲ್ಲ. ತಾರೆಯರನ್ನು ಬಿಟ್ಟು ಇಂಥ ಒಬ್ಬ ಹುಡುಗನ ಕೈಚಳಕಕ್ಕಾಗಿ ಕಾಯುವಂತೆ ಮಾಡಿದ್ದು ಈ ಆ್ಯಪ್. ಅದಕ್ಕೆ ನಾನು ಋಣಿ.

ಪಟ್ಟಿಯ ಉಳಿದ ಭಾಗವನ್ನೂ ಹೇಳಬೇಕು. ಮೊದಲ ಸ್ಥಾನದಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಭಾವ, 68 ಗೆಲುವಿನೊಂದಿಗೆ. ಅವರ ಬಳಿ ನಿಕೊಲಾ ಯೋಕಿಚ್ ಇದ್ದಾನೆ, ಅಷ್ಟು ಹೇಳಿದರೆ ಸಾಕು. ಅಂಕ, ರೀಬೌಂಡ್, ಅಸಿಸ್ಟ್ (ಜೊತೆಗಾರ ಅಂಕ ಗಳಿಸುವಂತೆ ಚೆಂಡು ಕೊಡುವುದು) ಮೂರರಲ್ಲೂ ಈ ಸೀಸನ್ನಿನಲ್ಲಿ ಸರಾಸರಿ ಎರಡಂಕಿಯಲ್ಲಿರುವ ಸೆಂಟರ್ ಆಟಗಾರನ ಎದುರು ಯಾವ ತಂತ್ರವೂ ನಡೆಯುವುದಿಲ್ಲ. ಡಿಸೆಂಬರ್ 7ರಂದು ವಾಷಿಂಗ್ಟನ್‌ನಲ್ಲಿ ಅವನು 56 ಅಂಕ ಗಳಿಸಿದರೂ ಡೆನ್ವರ್ ಸೋತಿತು. ಭಾವನ ತಂಡ ಮಾತ್ರ ಆ ವಾರ ಸೋಲಲಿಲ್ಲ. ಡಲ್ಲಾಸ್‌ನಲ್ಲಿರುವ ಗೆಳೆಯ ತನ್ನೂರಿನ ಅಭಿಮಾನಕ್ಕೆ ಆಗ ಅಲ್ಲಿನ ತಂಡಕ್ಕೆ ಆಡುತ್ತಿದ್ದ ಲೂಕಾ ಡೊನ್ಚಿಚ್‌ನನ್ನು ಆರಿಸಿ ಬಹಳ ದಿನ ಎರಡನೆಯ ಸ್ಥಾನದಲ್ಲಿದ್ದ. ಕ್ರಿಸ್ಮಸ್ ದಿನ ಲೂಕಾನ ಮೀನಖಂಡಕ್ಕೆ ಪೆಟ್ಟಾಯಿತು. ಗೆಳೆಯ ಈಗ ಏಳನೆಯವನು. ಕೊನೆಯ ಸ್ಥಾನದಲ್ಲಿರುವವನು ಜೋಯೆಲ್ ಎಂಬೀಡ್‌ನ ಮೊಣಕಾಲನ್ನು ನಂಬಿದವನು. ಅವನ ತಂಡದ ಬಗ್ಗೆ ಬರೆಯಲು ನನಗೆ ಮನಸ್ಸಾಗುತ್ತಿಲ್ಲ. ಪ್ರತಿ ಸೋಮವಾರ ತಪ್ಪದೆ ತಂಡ ಜೋಡಿಸುತ್ತಾನೆ, ಬಿಟ್ಟು ಹೋಗಿಲ್ಲ, ಅದು ದೊಡ್ಡ ಗುಣ.

ನನ್ನ ತಂಡದ ನಾಯಕ ಯಾನಿಸ್ ಆಂಟೆಟೊಕುಂಪೊ. ತಿಳಿದವರು ಹೇಳುತ್ತಾರೆ: ಯಾನಿಸ್‌ನನ್ನು ಇಟ್ಟುಕೊಂಡವನು ಫ್ರೀ ಥ್ರೋ (ಫೌಲ್ ಆದಾಗ ಗೆರೆಯ ಮುಂದೆ ನಿಂತು ಅಡ್ಡಿಯಿಲ್ಲದೆ ಎಸೆಯುವುದು, ಎಸೆದದ್ದರಲ್ಲಿ ಎಷ್ಟು ಬಿದ್ದವೆಂಬ ಪ್ರಮಾಣವೇ ಲೆಕ್ಕ) ವಿಭಾಗವನ್ನು ಕೈಬಿಡಬೇಕು, ಉಳಿದ ಎಂಟರಲ್ಲಿ ಗೆಲ್ಲಬೇಕು. ಅವನು ಪಂದ್ಯಕ್ಕೆ ಹತ್ತು ಎಸೆದರೆ ಸುಮಾರು ಆರು ಬೀಳುತ್ತವೆ. ನಾನು ಕೈಬಿಟ್ಟಿಲ್ಲ. ಉಳಿದವರಲ್ಲಿ ಹೆಚ್ಚಿನವರನ್ನು ಚೆನ್ನಾಗಿ ಫ್ರೀ ಥ್ರೋ ಹಾಕುವವರನ್ನೇ ಹುಡುಕಿ ಆರಿಸಿದ್ದೇನೆ. ನನ್ನ ಮೊದಲ ಸೀಸನ್ ಮುಗಿದ ಬೆಳಿಗ್ಗೆ, 2021ರ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ, ಇದೇ ಮನುಷ್ಯ 19ರಲ್ಲಿ 17 ಫ್ರೀ ಥ್ರೋ ಹಾಕಿ 50 ಅಂಕ ಗಳಿಸಿ ಮಿಲ್ವಾಕಿಗೆ ಐವತ್ತು ವರ್ಷಗಳ ನಂತರ ಪ್ರಶಸ್ತಿ ತಂದುಕೊಟ್ಟ. ಅದನ್ನು ನೋಡಿದ ಮೇಲೆ ಆ ಗೆರೆಯ ಮುಂದೆ ನಿಂತ ಅವನನ್ನು ಕೈಬಿಡಲು ನನ್ನಿಂದಾಗದು. ಈ ಡಿಸೆಂಬರ್‌ನಲ್ಲಿ ಎನ್‌ಬಿಎ ಕಪ್ (ಋತುವಿನ ನಡುವೆ ನಡೆಯುವ ಟೂರ್ನಿ) ಫೈನಲ್‌ನಲ್ಲಿ ಒಕ್ಲಹೋಮಾವನ್ನು 97-81ರಿಂದ ಸೋಲಿಸಿದಾಗ ಅವನದು 26 ಅಂಕ, 19 ರೀಬೌಂಡ್, 10 ಅಸಿಸ್ಟ್. ನನ್ನ ಖಾತೆಗೆ ಬಂದದ್ದು ಸೊನ್ನೆ. ಕಪ್‌ನ ಫೈನಲ್ ಒಂದು ಮಾತ್ರ ಋತುವಿನ ಅಂಕಿಅಂಶಕ್ಕೆ ಸೇರುವುದಿಲ್ಲವೆಂಬುದು ಎನ್‌ಬಿಎ ನಿಯಮ, ಆ್ಯಪ್‌ನ ತಪ್ಪಲ್ಲ. ಆದರೆ ಆ ದಿನದ ಪುಟದಲ್ಲಿ ಒಂದು ಸಾಲಿನ ಸೂಚನೆ ಹಾಕಿದ್ದರೆ ನಾನು ಬೆಳಗ್ಗೆಯೆಲ್ಲ ಪರದೆ ಎಳೆಯುತ್ತ ಕೂರುತ್ತಿರಲಿಲ್ಲ.

ಇನ್ನು ಹನ್ನೆರಡನೆಯ ವಾರ. ಜನವರಿ 6ರಿಂದ 12, ಎದುರಾಳಿ ಹಾಸನದ ಗೆಳೆಯ. ಅದು ಲಾಸ್ ಏಂಜಲೀಸ್ ಹೊತ್ತಿ ಉರಿದ ವಾರ. ಅಲ್ಲಿಗೆ ಹೋಗಿದ್ದ ಶಾರ್ಲಟ್ ಹಾರ್ನೆಟ್ಸ್ ತಂಡದ ಎರಡು ಪಂದ್ಯಗಳನ್ನು ಮುಂದೂಡಿದರು, ನನ್ನ ಲಮೆಲೊ ಬಾಲ್ ಎರಡನ್ನೂ ಕಳೆದುಕೊಂಡ. ಅತ್ತ ಅಟ್ಲಾಂಟಾದಲ್ಲಿ ಹಿಮಪಾತವಾಗಿ ಡೇನಿಯಲ್ಸ್‌ನ ಒಂದು ಪಂದ್ಯವೂ ಹೋಯಿತು. ಇದರ ಬಗ್ಗೆ ದೂರಿಲ್ಲ. ಜನರ ಮನೆಗಳು ಬೂದಿಯಾಗಿದ್ದವು, ಲೇಕರ್ಸ್ ಕೋಚ್ ಜೆಜೆ ರೆಡಿಕ್ ಅವರ ಕುಟುಂಬ ವಾಸವಿದ್ದ ಮನೆಯೂ ಸುಟ್ಟುಹೋಗಿತ್ತು. ಅದರ ಮುಂದೆ ನನ್ನ ಮೂರು ಪಂದ್ಯಗಳಿಗೆ ಏನು ಬೆಲೆ? ಗೆಳೆಯನ ಶೇ ಗಿಲ್ಜಸ್-ಅಲೆಕ್ಸಾಂಡರ್ ಆಡುವ ಒಕ್ಲಹೋಮಾದ ಯಾವ ಪಂದ್ಯವೂ ತಪ್ಪಲಿಲ್ಲ. ಅವನು ಹತ್ತಕ್ಕೆ ಒಂಬತ್ತು ಫ್ರೀ ಥ್ರೋ ಹಾಕುವವನು.

ಇಷ್ಟೆಲ್ಲ ಆಗಿಯೂ 13ರ ಸೋಮವಾರ ಬೆಳಿಗ್ಗೆ, ಅಂದರೆ ಅಲ್ಲಿನ ಭಾನುವಾರ ರಾತ್ರಿ, ಪರದೆ ತೋರಿಸಿದ್ದು ಹೀಗೆ: ನಾನು ನಾಲ್ಕು ವಿಭಾಗಗಳಲ್ಲಿ ಮುಂದೆ, ಅವನು ನಾಲ್ಕರಲ್ಲಿ. ಫ್ರೀ ಥ್ರೋ ಇಬ್ಬರದೂ .787. ಸಮ ಎಂದುಕೊಂಡೆ. ನನ್ನ ಕಡೆ ಒಬ್ಬ ಗಾರ್ಡ್ ಆಟಗಾರನ ಪಂದ್ಯ ಮಾತ್ರ ಉಳಿದಿತ್ತು. ಟರ್ನೋವರ್‌ನಲ್ಲಿ (ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು, ಕಡಿಮೆ ಇದ್ದವನಿಗೆ ಗೆಲುವು) ನಾನು ಎರಡು ಕಡಿಮೆ ಇದ್ದೆ. ಆ ಗಾರ್ಡ್ ಮೂರು ಸಲ ಚೆಂಡು ಕಳೆದರೆ ಆ ವಿಭಾಗವೂ ಕೈಬಿಟ್ಟು ಹೋಗುತ್ತದೆ. ಸಮವಾಗಿರುವುದನ್ನು ಕೆಡಿಸುವುದು ಬೇಡವೆಂದು ಅವನ ಅಂಕಿಗಳು ಲೆಕ್ಕಕ್ಕೆ ಬಾರದಂತೆ ಅವನನ್ನು ಬೆಂಚಿಗೆ ಸರಿಸಿ ಆಫೀಸಿಗೆ ಹೊರಟೆ. ಮಧ್ಯಾಹ್ನ ನೋಡಿದರೆ ಫ್ರೀ ಥ್ರೋ ವಿಭಾಗದಲ್ಲಿ ಗೆಳೆಯನ ಹೆಸರಿಗೆ ಹಸಿರು ಬಣ್ಣ. ಎರಡೂ ಕಡೆ ಇನ್ನೂ .787. ಫಲಿತಾಂಶ 5-4, ಸೋಲು. ಬೆಂಚಿನಲ್ಲಿದ್ದ ಆಟಗಾರ ಅಂದು ನಾಲ್ಕಕ್ಕೆ ನಾಲ್ಕು ಫ್ರೀ ಥ್ರೋ ಹಾಕಿದ್ದ, ಚೆಂಡು ಕಳೆದದ್ದು ಒಂದೇ ಸಲ.

ಇಷ್ಟು ಸಿಟ್ಟು ನನಗೆ ಈ ಆ್ಯಪ್‌ನ ಮೇಲೆ ಹಿಂದೆ ಬಂದಿರಲಿಲ್ಲ. ಸಮವಾಗಿರುವುದನ್ನು ಒಬ್ಬರಿಗೆ ಕೊಡುವುದು ಮೋಸವೆಂದೇ ತೀರ್ಮಾನಿಸಿ, ಸಹಾಯ ವಿಭಾಗಕ್ಕೆ ಕಟುವಾಗಿ ಪತ್ರ ಬರೆದೆ. ಯಂತ್ರ ಕಳಿಸಿದ ಉತ್ತರ ಬಂತು, ಮನುಷ್ಯರದು ಇನ್ನೂ ಬಂದಿಲ್ಲ.

ಮರುದಿನ ಸಂಕ್ರಾಂತಿ. ಸೋಮವಾರ ಸಂಜೆ ಊಟದ ಮೇಜಿನ ಮೇಲೆ ಅಮ್ಮ ಕೊಬ್ಬರಿ, ಬೆಲ್ಲವನ್ನು ಸಣ್ಣಗೆ ಹೆಚ್ಚುತ್ತಿದ್ದರು. ನನ್ನ ಗೊಣಗಾಟ ಕೇಳಿ ಅಪ್ಪ ಎಂದರು: "ಹಾಕಿದ್ದು ಎಷ್ಟು, ಎಸೆದದ್ದು ಎಷ್ಟು, ಅದನ್ನು ಹೇಳು." ಪ್ರತಿ ವಾರದ ಲೆಕ್ಕವನ್ನು ನಾನು ಒಂದು ಉದ್ದ ಪುಸ್ತಕದಲ್ಲಿ ಬರೆದಿಡುತ್ತೇನೆ. ನನ್ನದು 108ರಲ್ಲಿ 85. ಗೆಳೆಯನದು 94ರಲ್ಲಿ 74. ಅಪ್ಪ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಭಾಗಾಕಾರ ಮಾಡಿದರು, ಒಂದೊಂದು ಅಂಕಿಯನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ. ನನ್ನದು .7870. ಅವನದು .7872. "ಯಂತ್ರ ಸರಿಯಾಗಿಯೇ ಹೇಳಿದೆಯಪ್ಪಾ. ಆದರೆ ನಿನಗೆ ಪೂರ್ತಿ ಹೇಳಿಲ್ಲ," ಎಂದರು.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು, ದೂರು ಉಳಿಯಿತು. ಆ್ಯಪ್ ನ್ಯಾಯವಾಗಿಯೇ ತೀರ್ಪು ಕೊಟ್ಟಿದೆ. ಆದರೆ ತೀರ್ಪಿಗೆ ಆಧಾರವಾದ ನಾಲ್ಕನೆಯ ಅಂಕಿಯನ್ನು ಆಡುವವನ ಕಣ್ಣಿಗೆ ತೋರಿಸುವುದಿಲ್ಲ. ಸೋಮವಾರ ಬೆಳಿಗ್ಗೆ .7870, .7872 ಎಂದು ಕಂಡಿದ್ದರೆ ಆ ಗಾರ್ಡ್‌ನನ್ನು ಆಡಿಸಿಯೇ ಆಡಿಸುತ್ತಿದ್ದೆ. ಅವನ ನಾಲ್ಕು ಸೇರಿದ್ದರೆ 112ರಲ್ಲಿ 89, ಅಂದರೆ .7946. ನಾನು ಎರಡನೆಯವ, ಗೆಳೆಯ ಮೂರನೆಯವ. ಬಳಕೆದಾರರು ಕೇಳದಿದ್ದರೂ ಆಟಗಾರರ ಚಿತ್ರ ದೊಡ್ಡದು ಮಾಡುತ್ತಾರೆ, ಪ್ರತಿ ಅಕ್ಟೋಬರ್‌ನಲ್ಲಿ ಗುಂಡಿಗಳ ಜಾಗ ಬದಲಿಸುತ್ತಾರೆ. ಒಂದು ಅಂಕಿ ಸೇರಿಸಲು ಪರದೆಯಲ್ಲಿ ಒಂದು ಅಕ್ಷರದಷ್ಟು ಜಾಗ ಸಾಕು.

ಉಳಿದಂತೆ ಐದು ಸೀಸನ್ನಿನಲ್ಲಿ ಇದು ನನಗೆ ಕೈಕೊಟ್ಟದ್ದು ಕಡಿಮೆ. ಹಳೆಯ ಮೊಬೈಲಿನಲ್ಲೂ ಓಡುತ್ತದೆ. ಗಾಯದ ಸುದ್ದಿ ಪಂದ್ಯಕ್ಕೆ ಮೊದಲು ಬರುತ್ತದೆ, ಆದರೆ ನಮಗೆ ಅದು ನಡುರಾತ್ರಿಯಿಂದ ಬೆಳಗಿನ ಜಾವದ ತನಕ, ಹಾಗಾಗಿ ಸದ್ದು ಆರಿಸಿಟ್ಟು ಐದಕ್ಕೆ ಒಟ್ಟಿಗೆ ಓದುವುದು ಒಳ್ಳೆಯದು. ಹಳೆಯ ಸೀಸನ್ನುಗಳ ಪಟ್ಟಿಗಳನ್ನೆಲ್ಲ ಜೋಪಾನವಾಗಿ ಇಟ್ಟಿದೆ. ಎಡಿಸನ್, ಡಲ್ಲಾಸ್, ಹಾಸನ, ಮೈಸೂರಿನ ನಾವು ಹನ್ನೆರಡು ಜನ ವಾರಕ್ಕೊಮ್ಮೆಯಾದರೂ ಮಾತಾಡುವುದು ಇದರಿಂದಲೇ. ಸಂಕ್ರಾಂತಿಯ ದಿನ ಎಳ್ಳು-ಬೆಲ್ಲ ಬಾಯಿಗೆ ಹಾಕಿಕೊಂಡು ಹಾಸನಕ್ಕೆ ಫೋನ್ ಮಾಡಿ ಗೆಳೆಯನಿಗೆ ಶುಭಾಶಯ ಹೇಳಿದೆ. ಅಪ್ಪನ ಲೆಕ್ಕವನ್ನೂ ಹೇಳಿದೆ. ತಾನೂ ಅದನ್ನು ಸಮವೆಂದೇ ತಿಳಿದಿದ್ದನಂತೆ.

ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತೇನೆ. ನಾಲ್ಕನೆಯ ಅಂಕಿ ಬಂದ ದಿನ ನಾಲ್ಕೂವರೆ. ಪಾಯಿಂಟ್ ಪದ್ಧತಿಯಲ್ಲಿ (ಎಲ್ಲ ಅಂಕಿಗಳನ್ನೂ ಒಂದೇ ಮೊತ್ತವಾಗಿ ಕೂಡಿಸುವುದು) ಆಡುವವರಿಗೆ ಈ ತೊಂದರೆ ಬರುವುದಿಲ್ಲ, ಅವರು ಧೈರ್ಯವಾಗಿ ಬಳಸಬಹುದು. ಒಂಬತ್ತು ವಿಭಾಗದವರು ಭಾನುವಾರದ ಪಂದ್ಯಗಳ ನಡುವೆ ಹಾಕಿದ್ದನ್ನು ಎಸೆದದ್ದರಿಂದ ತಾವೇ ಭಾಗಿಸಿ ನೋಡಿ. ಆ ಎರಡು ಅಂಕಿಗಳು ಶೇಕಡಾವಾರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇವೆ, ಅವನ್ನು ಭಾಗಿಸಿ ನೋಡಬೇಕೆಂದು ನನಗೆ ಹೊಳೆಯಲು ಐದು ಸೀಸನ್ ಹಿಡಿಯಿತು.

ಮಾರ್ಚ್‌ನಲ್ಲಿ ಹಾಸನದ ಗೆಳೆಯನ ಜೊತೆ ಮತ್ತೊಂದು ವಾರವಿದೆ. ಅಪ್ಪ ಪುಸ್ತಕದ ಫ್ರೀ ಥ್ರೋ ಅಂಕಣವನ್ನು ಅಗಲ ಮಾಡಿ ಹೊಸದಾಗಿ ಗೆರೆ ಎಳೆದಿದ್ದಾರೆ. ಯಾನಿಸ್‌ಗೆ ಬೇರೆಯೇ ಒಂದು ಸಾಲು.